ಬೆಳಗಿನ ಜಾವ ಐರನ್ ಬೌಲ್ ನೋಡಲು ನಮ್ಮೂರ ಕೇಬಲ್‌ನವರ ಫೈಬರ್ ನೆಟ್ ಸಾಕಾ?

ಮೊದಲು ಮಾರ್ಕ್ಸ್ ಕೊಟ್ಟುಬಿಡುತ್ತೇನೆ, ಕಾರಣ ಆಮೇಲೆ. ಐದಕ್ಕೆ ಮೂರೂವರೆ. ಹೊಸನಗರ ತಾಲ್ಲೂಕಿನ ನಗರ ಹೋಬಳಿ ಕಡೆ, ಮೊಬೈಲ್ ಸಿಗ್ನಲ್ ಬೇಕಂದರೆ ಗುಡ್ಡ ಹತ್ತಬೇಕಾದ ಜಾಗದಲ್ಲಿ, ಊರಿನ ಕೇಬಲ್‌ನವರು ಎಳೆದುಕೊಟ್ಟ ಫೈಬರ್ ಕನೆಕ್ಷನ್‌ಗೆ ಇದು ಕಮ್ಮಿ ಮಾರ್ಕ್ಸ್ ಏನಲ್ಲ. ಅವರ ಹೆಸರು ಬರೆಯುವುದಿಲ್ಲ. ಈ ಕಡೆ ನಾಲ್ಕೈದು ಊರಿಗೆ ಒಬ್ಬರು ಕೇಬಲ್‌ನವರು ಇರುತ್ತಾರೆ, ಎಲ್ಲರ ಕೆಲಸವೂ ಹೆಚ್ಚುಕಮ್ಮಿ ಒಂದೇ ಥರ. ನಿಮ್ಮೂರಿನವರ ಬಗ್ಗೆಯೇ ಬರೆದಿದ್ದೇನೆ ಅಂದುಕೊಂಡರೂ ತಪ್ಪಿಲ್ಲ.

ಸುಮ್ನೆ ವಾಟ್ಸಾಪ್ ನೋಡಲು, ಸಂಜೆ ಅಡಿಕೆ ರೇಟ್ ನೋಡಲು ಯಾವ ನೆಟ್ ಆದರೂ ಸಾಕು. ನಾನು ಇದನ್ನು ತೂಗಿ ನೋಡುತ್ತಿರುವುದು ಒಂದೇ ಒಂದು ಕೆಲಸಕ್ಕೆ. ನವೆಂಬರ್ ಕೊನೆಗೆ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಐರನ್ ಬೌಲ್ ಇದೆ. ಒಂದೇ ರಾಜ್ಯದ ಎರಡು ಕಾಲೇಜುಗಳ ಫುಟ್‌ಬಾಲ್ ಪಂದ್ಯ, ಟಸ್ಕಲೂಸಾದ ಅಲಬಾಮಾ ವಿಶ್ವವಿದ್ಯಾಲಯ ಒಂದು ಕಡೆ, ಆಬರ್ನ್ ವಿಶ್ವವಿದ್ಯಾಲಯ ಇನ್ನೊಂದು ಕಡೆ. ಮಗಳು ಆಬರ್ನ್‌ನಲ್ಲಿ ಎಂಎಸ್ ಮಾಡುತ್ತಿದ್ದಾಳೆ. ಭಾವನ ಮಗ ಹೋಗಿ ಸೇರಿದ್ದು ಟಸ್ಕಲೂಸಾಕ್ಕೆ. ಇಬ್ಬರೂ ಇಲ್ಲಿ ಒಂದೇ ಸ್ಕೂಲಿಗೆ ಒಂದೇ ಬಸ್ಸಿನಲ್ಲಿ ಹೋದವರು, ಈಗ ಫ್ಯಾಮಿಲಿ ಗ್ರೂಪಿನಲ್ಲಿ ಅಕ್ಟೋಬರ್‌ನಿಂದಲೇ ಜಗಳ ಶುರು ಮಾಡುತ್ತಾರೆ. ಹೀಗಾಗಿ ನಮ್ಮ ಎರಡೂ ಮನೆಯವರು ಪಂದ್ಯದ ದಿನ ನಮ್ಮ ಜಗಲಿಯಲ್ಲಿ ಸೇರುತ್ತೇವೆ. ಭಾವನ ಮನೆಗೆ ಇನ್ನೂ ಲೈನ್ ಬಂದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಮ್ಮ ಕಾಲ್ಚೆಂಡು ಅಲ್ಲ, ಜಾಸ್ತಿ ಕೈಯಲ್ಲೇ ಆಡುವುದು. ನಾಲ್ಕು ಚಾನ್ಸ್‌ನಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಚಾನ್ಸ್, ಇಲ್ಲದಿದ್ದರೆ ಚೆಂಡು ಎದುರಿನವರಿಗೆ. ಚೆಂಡು ಹಿಡಿದು ಎದುರಿನವರ ತುದಿಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಹದಿನೈದು ನಿಮಿಷದ ನಾಲ್ಕು ಭಾಗ, ಲೆಕ್ಕಕ್ಕೆ ಒಂದು ಗಂಟೆ, ಆದರೆ ಮುಗಿಯುವಾಗ ಮೂರೂವರೆ ಗಂಟೆ ಆಗಿರುತ್ತೆ. ಭಾಗವತರು ಪದ್ಯ ಹೇಳಿ, ಅರ್ಥ ಶುರುವಾಗಿ, ಅದು ಮುಗಿದು ಮತ್ತೆ ಪದ್ಯಕ್ಕೆ ಬರುತ್ತದಲ್ಲ, ಹಾಗೆ ನಿಂತು ನಿಂತು ಸಾಗುವ ಆಟ. ರಾತ್ರಿಯಿಡೀ ಮೇಳದ ಆಟ ನೋಡಿ ಬೆಳೆದವರಿಗೆ ಬೇಜಾರು ಬರುವುದಿಲ್ಲ. ಭಾವ ಅಂತೂ ಎರಡನೇ ವರ್ಷದಿಂದಲೇ ಅಂಪೈರ್‌ಗೆ ಬೈಯಲು ಶುರು ಮಾಡಿದರು.

ಈಗ ನೆಟ್ ವಿಷಯ. ಪಂದ್ಯ ಸಾಮಾನ್ಯವಾಗಿ ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಮೇಲಿನ ಶನಿವಾರ. ನವೆಂಬರ್‌ನಲ್ಲಿ ಅಲ್ಲಿಗೂ ನಮಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಅಲ್ಲಿ ಮಧ್ಯಾಹ್ನ 2.30ಕ್ಕೆ ಶುರುವಾದರೆ ನಮಗೆ ಭಾನುವಾರ ಬೆಳಗಿನ ಜಾವ 2 ಗಂಟೆ, 2024ರಲ್ಲಿ ಹಾಗೆ ಆಗಿತ್ತು. ಸಂಜೆ 6.30ಕ್ಕೆ ಇಟ್ಟರೆ ನಮಗೆ ಬೆಳಿಗ್ಗೆ 6, 2025ರಲ್ಲಿ ಹಾಗೆ. ಕೇಬಲ್‌ನವರ ನೆಟ್‌ಗೆ ಈ ಎರಡೂ ಟೈಮ್ ತುಂಬಾ ಒಳ್ಳೇದು. ಯಾಕಂದರೆ ಒಂದೇ ಲೈನನ್ನು ಹತ್ತಾರು ಮನೆಗೆ ಹಂಚಿರುತ್ತಾರೆ, ರಾತ್ರಿ ಎಂಟರಿಂದ ಹತ್ತೂವರೆವರೆಗೆ ಎಲ್ಲರ ಮನೆಯಲ್ಲೂ ಸೀರಿಯಲ್ಲು, ರೀಲ್ಸು, ಕ್ರಿಕೆಟ್ಟು. ಆಗ ನಮ್ಮ 50 ಎಂಬಿಪಿಎಸ್ ಪ್ಲ್ಯಾನ್ 12-15ಕ್ಕೆ ಇಳಿದಿರುತ್ತೆ. ಬೆಳಗಿನ ಜಾವ ಎರಡಕ್ಕೆ ಟೆಸ್ಟ್ ಮಾಡಿದರೆ ಪೂರ್ತಿ 50 ಬರುತ್ತೆ. ಎಚ್‌ಡಿಯಲ್ಲಿ ಲೈವ್ ನೋಡಲು 5ರಿಂದ 8 ಎಂಬಿಪಿಎಸ್ ಇದ್ದರೆ ಧಾರಾಳ. ಮೂರೂವರೆ ಗಂಟೆಗೆ 8ರಿಂದ 12 ಜಿಬಿ ಆಸುಪಾಸು ಹೋಗುತ್ತೆ ಅಷ್ಟೇ. ಅದಕ್ಕೇ 100, 200 ಎಂಬಿಪಿಎಸ್ ಪ್ಲ್ಯಾನ್ ಹಾಕಿಸಿ ಅಂತ ಹೇಳುವವರ ಮಾತು ಕೇಳಬೇಡಿ. ಮಲೆನಾಡಿನಲ್ಲಿ ಸ್ಪೀಡ್ ಸಮಸ್ಯೆಯೇ ಅಲ್ಲ. ಲೈನ್ ಇರುತ್ತಾ ಇಲ್ಲವಾ, ಅದು ಪ್ರಶ್ನೆ.

ಮತ್ತೆ ಇದು ಒಂದು ಸೆಕೆಂಡ್ ನೆಟ್ ಹೋದರೂ ನಡೆಯುತ್ತೆ ಅನ್ನುವಂಥ ಪಂದ್ಯ ಅಲ್ಲ. 2013ರಲ್ಲಿ ಸ್ಕೋರ್ 28-28. ಗಡಿಯಾರದಲ್ಲಿ ಉಳಿದಿದ್ದು ಒಂದೇ ಸೆಕೆಂಡ್. ಅಲಬಾಮಾದವರು 57 ಗಜದಿಂದ ಗೋಲಿಗೆ ಒದ್ದರು, ಚೆಂಡು ಗುರಿ ಮುಟ್ಟಲಿಲ್ಲ, ಹಿಂದೆ ಕಾದು ನಿಂತಿದ್ದ ಆಬರ್ನ್‌ನ ಕ್ರಿಸ್ ಡೇವಿಸ್ ಅದನ್ನು ಹಿಡಿದು ಮೈದಾನದ ಈ ತುದಿಯಿಂದ ಆ ತುದಿವರೆಗೆ ಓಡಿಬಿಟ್ಟ. 34-28, ಆಬರ್ನ್ ಗೆದ್ದಿತು. ಕಿಕ್ ಸಿಕ್ಸ್ ಅಂತ ಹುಡುಕಿದರೆ ಸಿಗುತ್ತೆ, ನೋಡಿ. 2023ರಲ್ಲಿ ಉಲ್ಟಾ. ಅಲಬಾಮಾ ಸೋಲುತ್ತಿತ್ತು, ಕೊನೆಯ ನಿಮಿಷ, ನಾಲ್ಕನೇ ಚಾನ್ಸ್, ಹಿಂದಕ್ಕೆ ಬಿದ್ದು ಬಿದ್ದು ಹೋಗಬೇಕಾದ್ದು 31 ಗಜ. ಯಾರೂ ಆಗುತ್ತೆ ಅಂದುಕೊಳ್ಳುವುದಿಲ್ಲ. ಜೇಲನ್ ಮಿಲ್ರೋ ಎಸೆದ, ಮೂಲೆಯಲ್ಲಿ ಐಸಾಯಾ ಬಾಂಡ್ ಹಿಡಿದ, 27-24. ಇಂಥ ಕ್ಷಣದಲ್ಲಿ ಟಿವಿ ಮೇಲೆ ಆ ಗುಂಡನೆಯ ಗೆರೆ ಸುತ್ತಲು ಶುರುವಾದರೆ ರಿಮೋಟ್ ಎಸೆಯುವುದೊಂದೇ ಬಾಕಿ.

ಹಾಗಾದರೆ ಲೈನ್ ನಿಲ್ಲುತ್ತಾ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಿಂದೆ ಕೇಬಲ್‌ನವರು ಕೊಡುತ್ತಿದ್ದ ತಾಮ್ರದ ತಂತಿಯ ನೆಟ್‌ಗೆ ಅಲ್ಲಲ್ಲಿ ಕಂಬದ ಮೇಲೆ, ಯಾರದೋ ಮನೆ ಮಾಡಿನಡಿ ಒಂದೊಂದು ಸ್ವಿಚ್ ಡಬ್ಬಿ ಇರುತ್ತಿತ್ತು, ಅದಕ್ಕೆ ಕರೆಂಟ್ ಬೇಕಿತ್ತು. ಆ ಮನೆಯಲ್ಲಿ ಫ್ಯೂಸ್ ಹೋದರೆ ನಮ್ಮ ನೆಟ್ ಹೋಗುತ್ತಿತ್ತು. ಆ ಮನೆಯವರು ನೆಂಟರ ಮನೆಗೆ ಹೋಗುವಾಗ ಮೇನ್ ಸ್ವಿಚ್ ಆಫ್ ಮಾಡಿದರೂ ಹೋಗುತ್ತಿತ್ತು. ಫೈಬರ್‌ನಲ್ಲಿ ಆ ಕಾಟ ಇಲ್ಲ. ಪೇಟೆಯಲ್ಲಿ ಅವರ ಆಫೀಸಿನ ಮೆಷಿನ್‌ಗೆ ಕರೆಂಟ್ ಬೇಕು, ನಮ್ಮ ಮನೆಯ ಡಬ್ಬಿಗೆ ಕರೆಂಟ್ ಬೇಕು, ನಡುವೆ ಎಷ್ಟು ಕಿಲೋಮೀಟರ್ ಕಾಡಿದ್ದರೂ ಏನೂ ಬೇಡ. ಲೈನ್ ಕವಲೊಡೆಯುವ ಸ್ಪ್ಲಿಟರ್ ಡಬ್ಬಿ ಕೂಡ ಸುಮ್ನೆ ಗಾಜಿನ ಎಳೆ, ಕರೆಂಟ್ ಕೇಳುವುದಿಲ್ಲ. ಆದ್ದರಿಂದ ಕನೆಕ್ಷನ್ ತಗೊಳ್ಳುವ ಮೊದಲು ಕೇಬಲ್‌ನವರ ಹತ್ತಿರ ಕೇಳಬೇಕಾದ ಪ್ರಶ್ನೆ ಸ್ಪೀಡ್ ಎಷ್ಟು ಅಂತಲ್ಲ. "ನಿಮ್ಮ ಆಫೀಸಲ್ಲಿ ಬ್ಯಾಟರಿ ಎಷ್ಟು ಗಂಟೆ ಬರುತ್ತೆ, ಜನರೇಟರ್ ಇದೆಯಾ?" ಅಂತ ಕೇಳಿ. ನಮ್ಮವರು "ಆರು ಗಂಟೆ ಬರತ್ತೆ ಮಾರಾಯ್ರೆ, ಆಮೇಲೆ ಜನರೇಟರ್ ಹಾಕ್ತೀವಿ" ಅಂದರು. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದಾಗಲೂ ನೆಟ್ ಇತ್ತು, ಹಾಗಾಗಿ ಮಾತು ನಿಜ. ಒಂದು ಸ್ಟಾರ್ ಇದಕ್ಕೇ.

ನಮ್ಮ ಮನೆಯ ತುದಿ ನಮ್ಮ ಜವಾಬ್ದಾರಿ. ಫೈಬರ್ ಡಬ್ಬಿ ತಿನ್ನುವುದು ಹೆಚ್ಚೆಂದರೆ 12 ವಾಟ್. ರೂಟರ್‌ಗೆ ಅಂತಲೇ ಬರುವ ಪುಟ್ಟ ಯುಪಿಎಸ್ ಸಾವಿರದೈನೂರು ರೂಪಾಯಿ ಒಳಗೆ ಸಿಗುತ್ತೆ, ಅದನ್ನು ಹಾಕಿಬಿಡಿ. ಇನ್ವರ್ಟರ್ ಇದ್ದರೂ ಹಾಕಿ. ಯಾಕಂದರೆ ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗುವ ಆ ಒಂದು ಚಿಟಿಕೆ ಹೊತ್ತಿನಲ್ಲಿ ಡಬ್ಬಿ ಆಫ್ ಆಗಿ ಮತ್ತೆ ಶುರುವಾಗಲು ಎರಡು ಮೂರು ನಿಮಿಷ ತಗೊಳ್ಳುತ್ತೆ. ಅಷ್ಟರಲ್ಲಿ ಟಚ್‌ಡೌನ್ ಆಗಿ, ಜಾಹೀರಾತೂ ಮುಗಿದಿರುತ್ತೆ.

ಈಗ ದೂರು. ಕೇಬಲ್ ಎಳೆದ ರೀತಿ ನೋಡಿದರೆ ಅಳು ಬರುತ್ತೆ. ರಸ್ತೆ ಬದಿ ಕಂಬದ ಮೇಲೆ ಬಂದಿದ್ದು ಸರಿ. ಅಲ್ಲಿಂದ ಒಳಗೆ ಹಲಸಿನ ಮರ, ಅಲ್ಲಿಂದ ಒಂದು ಮತ್ತಿ ಮರ, ಆಮೇಲೆ ನಮ್ಮ ತೋಟದ ಅಡಿಕೆ ಮರದಿಂದ ಅಡಿಕೆ ಮರಕ್ಕೆ. ಅಡಿಕೆ ಮರ ಗಾಳಿಗೆ ಬಾಗುತ್ತೆ ಅನ್ನುವುದು ಈ ಊರಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಾ? ಜುಲೈನಲ್ಲಿ ಗಾಳಿ ಮಳೆ ಹಿಡಿದಾಗ ವಾರಕ್ಕೊಮ್ಮೆಯಾದರೂ ಡಬ್ಬಿಯಲ್ಲಿ ಎಲ್‌ಓಎಸ್ ಅಂತ ಬರೆದ ಕೆಂಪು ದೀಪ ಮಿನುಗುತ್ತೆ. ಅದು ಮಿನುಗಿದರೆ ಹೆಚ್ಚಾಗಿ ಎಲ್ಲೋ ಎಳೆ ತುಂಡಾಗಿದೆ ಅಂತ ಅರ್ಥ, ಡಬ್ಬಿ ಆಫ್ ಮಾಡಿ ಆನ್ ಮಾಡಿ ಏನೂ ಪ್ರಯೋಜನ ಇಲ್ಲ, ಫೋನ್ ಮಾಡಬೇಕು, ಫೋನ್ ಮಾಡಲು ನೆಟ್ ಬೇಕು, ಯಾಕಂದರೆ ನಮ್ಮಲ್ಲಿ ಫೋನ್ ನಡೆಯುವುದೇ ವೈಫೈ ಕಾಲಿಂಗ್ ಮೇಲೆ, ನೆಟ್ ಇಲ್ಲ ಅಂತ ಹೇಳಲು ಗುಡ್ಡ ಹತ್ತಬೇಕು.

ನವೆಂಬರ್‌ಗೆ ಮಳೆ ಬಿಟ್ಟಿರುತ್ತಲ್ಲ, ಇನ್ನೇನು ಭಯ ಅನ್ನಬಹುದು. ಭಯ ಇರುವುದೇ ಆಗ. ಅಡಿಕೆ ಕೊಯ್ಲು ಶುರುವಾಗಿರುತ್ತೆ. ಮರ ಹತ್ತಿ ಕೊಯ್ಯುವ ಕೊನೆಗಾರರು ಮೇಲಿಂದ ಬಿಟ್ಟ ಅಡಿಕೆ ಗೊನೆ ನೇರ ಕೇಬಲ್ ಮೇಲೆ ಬಂದರೆ ಮುಗಿಯಿತು. ಈಗ ಉದ್ದನೆಯ ದೋಟಿಯಲ್ಲಿ ಕೆಳಗೆ ನಿಂತೇ ಕೊಯ್ಯುತ್ತಾರಲ್ಲ, ಆ ಕತ್ತಿಗೆ ಬಾಳೆ ಎಲೆಯೂ ಒಂದೇ, ಫೈಬರ್ರೂ ಒಂದೇ. ಇನ್ನೊಂದು ಕಡೆ ಗದ್ದೆ ಕೊಯ್ಲು. ಹುಲ್ಲು ಎತ್ತರಕ್ಕೆ ತುಂಬಿದ ಟ್ರ್ಯಾಕ್ಟರ್ ರಸ್ತೆಯಲ್ಲಿ ಬರುವಾಗ ಜೋತುಬಿದ್ದ ಕೇಬಲ್ಲನ್ನು ಸಿಕ್ಕಿಸಿಕೊಂಡು ಹೋಗುತ್ತೆ. ಡ್ರೈವರ್‌ಗೆ ಗೊತ್ತೂ ಆಗುವುದಿಲ್ಲ. ಮಂಗಗಳ ಸುದ್ದಿ ಬೇರೆ ಬರೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತು.

ಪಂದ್ಯದ ಹಿಂದಿನ ದಿನ ತೋಟಕ್ಕೆ ಕೊಯ್ಲಿಗೆ ಜನ ಕರೆಯಬೇಡಿ ಅಂತ ಕೇಬಲ್‌ನವರೇ ನನಗೆ ಹೇಳಿದರು. ಒಳ್ಳೆ ಸಲಹೆ, ಆದರೆ ಕೊನೆಗಾರರು ಸಿಕ್ಕುವುದೇ ಕಷ್ಟ. ಸಿಕ್ಕ ದಿನ ಅಲಬಾಮಾ ಅಂತ ಹೇಳಿ ವಾಪಸ್ ಕಳಿಸಲು ಆಗುತ್ತಾ?

ಇಷ್ಟೆಲ್ಲ ಬೈದು ಮೂರೂವರೆ ಯಾಕೆ ಕೊಟ್ಟೆ ಅಂದರೆ, ರಿಪೇರಿ. ಫೋನ್ ತಲುಪಿದ ಮೇಲೆ ಅವರ ಹುಡುಗ ಅವತ್ತೇ ಬರುತ್ತಾನೆ, ಹೆಚ್ಚೆಂದರೆ ಮರುದಿನ ಬೆಳಿಗ್ಗೆ. ಬೈಕಿನ ಹಿಂದೆ ಜಾಯಿಂಟ್ ಹಾಕುವ ಮೆಷಿನ್ ಕಟ್ಟಿಕೊಂಡು, ಮಳೆಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಉಂಬಳ ಕಚ್ಚಿಸಿಕೊಂಡು ಬರುತ್ತಾನೆ. ಕೂದಲಿಗಿಂತ ಸ್ವಲ್ಪ ದಪ್ಪದ ಆ ಎಳೆಯನ್ನು ಒರೆಸಿ, ಕತ್ತರಿಸಿ, ಮೆಷಿನ್‌ನೊಳಗೆ ಇಟ್ಟರೆ ನಿಮಿಷದೊಳಗೆ ಕೂಡಿಸಿಬಿಡುತ್ತೆ. ಆಮೇಲೆ ಪುಟ್ಟ ಮೀಟರ್ ಹಚ್ಚಿ ಬೆಳಕು ಎಷ್ಟು ಬರುತ್ತಿದೆ ಅಂತ ನೋಡುತ್ತಾನೆ. ಆ ನಂಬರ್ ನೀವೂ ಕೇಳಿ ತಿಳ್ಕೊಳ್ಳಿ. ಮೈನಸ್ 20ರ ಹತ್ತಿರ ಇದ್ದರೆ ಆರಾಮು. ಮೈನಸ್ 27 ಮುಟ್ಟಿದರೆ ಇವತ್ತೋ ನಾಳೆಯೋ ಹೋಗುವ ಲೈನು. ಒಂದೊಂದು ಜಾಯಿಂಟ್ ಬಿದ್ದಾಗಲೂ ಚೂರು ಬೆಳಕು ಕಮ್ಮಿ ಆಗುತ್ತೆ, ಎಲ್ಲಾದರೂ ಕೇಬಲ್ ಜೋರಾಗಿ ಮಡಚಿದ್ದರೆ ಇನ್ನೂ ಜಾಸ್ತಿ. ನಮ್ಮದು ಈಗ ಮೈನಸ್ 24. ಕಾರಣ ತೋಟದಲ್ಲಿ ಸಾಲಾಗಿ ಬಿದ್ದಿರುವ ಜಾಯಿಂಟ್‌ಗಳು.

ದೊಡ್ಡ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಒಂದು ಒತ್ತಿ, ಎರಡು ಒತ್ತಿ ಅನ್ನುವುದಕ್ಕಿಂತ ಇದು ಸಾವಿರ ಪಾಲು ವಾಸಿ. ಆ ಹುಡುಗನಿಗೆ ಕಾಫಿ ಕೊಡಿ, ಸುಮ್ನೆ ಹೇಳುತ್ತಿಲ್ಲ. ಅವನಿಗೆ ಈಗ ಐರನ್ ಬೌಲ್ ಅಂದರೆ ಏನು ಅಂತಲೂ ಗೊತ್ತು. "ಈ ಸಲ ಯಾವಾಗ ಅಣ್ಣಾ ನಿಮ್ಮ ಕಬ್ಬಿಣದ ಮ್ಯಾಚು?" ಅಂತ ಕೇಳಿದ. ಅವನು ಭದ್ರಾವತಿಯವನು, ಅಜ್ಜ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಈ ಪಂದ್ಯ ಬಹಳ ವರ್ಷ ನಡೆದದ್ದು ಅದೇ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ. ಅಲ್ಲಿ ಅದಿರು, ಕಲ್ಲಿದ್ದಲು, ಸುಣ್ಣದಕಲ್ಲು ಮೂರೂ ಹತ್ತಿರದಲ್ಲೇ ಸಿಗುತ್ತಿತ್ತು, ಅದಕ್ಕೇ ಉಕ್ಕಿನ ಊರಾಯಿತು, ಪಂದ್ಯಕ್ಕೂ ಆ ಹೆಸರೇ ಬಂತು ಅಂತ ಹೇಳಿದೆ. "ನಮಗೆ ಅದಿರು ಕೆಮ್ಮಣ್ಣುಗುಂಡಿಯಿಂದ ಬರ್ತಿತ್ತು, ನಮ್ಮಲ್ಲೂ ಒಂದು ಮ್ಯಾಚ್ ಇಡಬಹುದಿತ್ತು" ಅಂದ. ಇಡಬಹುದಿತ್ತು ಹೌದು.

ಈ ಎರಡು ಕಾಲೇಜಿನ ಹಟದ ಬಗ್ಗೆ ಒಂಚೂರು ಹೇಳದಿದ್ದರೆ ನಾನು ಯಾಕಿಷ್ಟು ತಲೆ ಕೆಡಿಸಿಕೊಂಡಿದ್ದೇನೆ ಅಂತ ಅರ್ಥ ಆಗುವುದಿಲ್ಲ. ಮೊದಲ ಪಂದ್ಯ 1893ರಲ್ಲಿ. 1907ರಲ್ಲಿ 6-6 ಡ್ರಾ ಆಯಿತು, ಆಮೇಲೆ ಮಾತು ಬಿಟ್ಟವರು 1948ರವರೆಗೆ ಒಬ್ಬರ ಜೊತೆ ಒಬ್ಬರು ಆಡಲಿಲ್ಲ. ದಾಯಾದಿಗಳು ಮಾತು ಬಿಡುವುದು ನಮಗೇನು ಹೊಸತಲ್ಲ, ಆದರೂ ನಲವತ್ತೊಂದು ವರ್ಷ! ಮತ್ತೆ ಶುರುವಾದ ವರ್ಷ ಅಲಬಾಮಾ 55-0 ಹೊಡೆಯಿತು. ಇನ್ನೊಂದು ಕತೆ ನನ್ನಂಥ ತೋಟದವನಿಗೆ ಹೊಟ್ಟೆ ಉರಿಸಿದ್ದು. ಆಬರ್ನ್‌ನಲ್ಲಿ ಟೂಮರ್ಸ್ ಕಾರ್ನರ್ ಅನ್ನುವ ಜಾಗದಲ್ಲಿ ಎರಡು ಹಳೇ ಓಕ್ ಮರ ಇದ್ದವು, ಗೆದ್ದಾಗ ಅದಕ್ಕೆ ಟಾಯ್ಲೆಟ್ ಪೇಪರ್ ಎಸೆದು ಹಬ್ಬ ಮಾಡುವುದು ರೂಢಿ. 2010ರಲ್ಲಿ ಆಬರ್ನ್ ಗೆದ್ದ ಸಿಟ್ಟಿಗೆ ಅಲಬಾಮಾದ ಅಭಿಮಾನಿಯೊಬ್ಬ ಆ ಮರದ ಬುಡಕ್ಕೆ ಕಳೆನಾಶಕ ಸುರಿದ. ಸುರಿದು ಸುಮ್ಮನಿರದೆ ರೇಡಿಯೋ ಕಾರ್ಯಕ್ರಮಕ್ಕೆ ಫೋನ್ ಮಾಡಿ ಹೇಳಿಕೊಂಡ. 2013ರಲ್ಲಿ ಮರ ತೆಗೆಯಬೇಕಾಯಿತು, ಜೈಲಿಗೂ ಹೋದ. ಮಗಳು ಈಗ ಅಲ್ಲಿ ಹೊಸದಾಗಿ ನೆಟ್ಟ ಮರಗಳ ಫೋಟೋ ಕಳಿಸುತ್ತಾಳೆ.

ಪಂದ್ಯ ಬೆಸ ವರ್ಷ ಆಬರ್ನ್‌ನಲ್ಲಿ, ಸಮ ವರ್ಷ ಟಸ್ಕಲೂಸಾದಲ್ಲಿ. ಈ ಸಲ ಟಸ್ಕಲೂಸಾ, ಒಂದು ಲಕ್ಷ ಜನ ಹಿಡಿಯುವ ಸ್ಟೇಡಿಯಂ. ಆಬರ್ನ್ ಅಲ್ಲಿ ಕೊನೆಯ ಸಲ ಗೆದ್ದಿದ್ದೇ 2010ರಲ್ಲಿ, 24-0 ಹಿಂದೆ ಬಿದ್ದು ಎದ್ದು 28-27ಕ್ಕೆ. 2019ರ ಮೇಲೆ ಎಲ್ಲೂ ಗೆದ್ದಿಲ್ಲ. ಕಳೆದ ಸಲ 27-20. "ಅಪ್ಪಯ್ಯ, ಈ ವರ್ಷ ನೋಡ್ತಾ ಇರು" ಅಂತ ಮಗಳು ಪ್ರತಿ ವರ್ಷ ಹೇಳುತ್ತಾಳೆ. ಭಾವ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಕವಳ ಹಾಕುತ್ತಾ ಮೀಸೆಯಲ್ಲೇ ನಗುತ್ತಾರೆ, ಅದು ಇನ್ನೂ ಉರಿ.

ಮತ್ತೆ ಸರ್ವಿಸಿಗೆ ಬರೋಣ. ದುಡ್ಡಿನ ಲೆಕ್ಕ: ತಿಂಗಳಿಗೆ 500, ಜಿಎಸ್‌ಟಿ ಸೇರಿ 590. ಕನೆಕ್ಷನ್ ಕೊಡುವಾಗ ಡಬ್ಬಿ ಸೇರಿ ಎರಡೂವರೆ ಸಾವಿರ ಅಂದರು. ಆಮೇಲೆ ರಸ್ತೆಯಿಂದ ಒಳಗೆ ಬಂದ ಕೇಬಲ್‌ಗೆ ಮೀಟರ್ ಲೆಕ್ಕದಲ್ಲಿ ಬೇರೆ ದುಡ್ಡು ತಗೊಂಡರು. ಅದನ್ನು ಮೊದಲೇ ಹೇಳಬೇಕಿತ್ತು. ಬಿಲ್ ಕೇಳಿದರೆ ಮೆಸೇಜ್ ಬರತ್ತೆ ಅಂತಾರೆ, ಮೆಸೇಜ್ ಬರುವುದಿಲ್ಲ. ಅರ್ಧ ಸ್ಟಾರ್ ಇಲ್ಲಿ ಕಟ್. ಕೊಟ್ಟ ಡಬ್ಬಿಯೂ ಅಗ್ಗದ್ದು. ನಮ್ಮದು ಹಳೇ ಮಣ್ಣಿನ ಗೋಡೆ ಮನೆ, ಒಂದೊಂದು ಗೋಡೆ ಒಂದು ಮೊಳ ದಪ್ಪ, ವೈಫೈ ದೇವರ ಕೋಣೆ ದಾಟಿ ಜಗಲಿಗೆ ಬರುವಷ್ಟರಲ್ಲಿ ಸತ್ತುಹೋಗಿರುತ್ತೆ. ರಿಪೀಟರ್ ಗಿಪೀಟರ್ ಅಂತ ಹೋಗಬೇಡಿ. ಒಂದು ಉದ್ದನೆಯ ಲ್ಯಾನ್ ಕೇಬಲ್ ತಂದು ಡಬ್ಬಿಯಿಂದ ನೇರ ಟಿವಿಗೆ ಹಾಕಿ, ಆಟ ಮುಗಿಯುವವರೆಗೆ ಅಲ್ಲಾಡುವುದಿಲ್ಲ. ಸಿಡಿಲಿನ ವಿಷಯ ಮಾತ್ರ ಜೋಪಾನ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ, ಆದರೆ ಅಡಾಪ್ಟರ್ ಮೂಲಕ ಬರುತ್ತೆ, ಕೇಬಲ್ ಗಟ್ಟಿ ಇರಲಿ ಅಂತ ಜೊತೆಗೆ ಸೇರಿಸಿರುವ ಉಕ್ಕಿನ ತಂತಿಯಲ್ಲೂ ಬರಬಹುದು. ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಏನಾದರೂ ಎದ್ದರೆ ಇಲ್ಲಿ ಗುಡುಗು ಮಳೆ ಗ್ಯಾರಂಟಿ. ಆಗ ಪ್ಲಗ್ ಕಿತ್ತು ಪುಟ್ಟ ಯುಪಿಎಸ್ ಮೇಲೆ ಡಬ್ಬಿ ನಡೆಸಿ.

ಆ್ಯಪ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಅಮೆರಿಕದಲ್ಲಿ ಇದು 2024ರಿಂದ ಎಬಿಸಿ, ಇಎಸ್‌ಪಿಎನ್ ಚಾನೆಲ್‌ಗಳ ಕಡೆ ಹೋಗಿದೆ, ಅದಕ್ಕೂ ಮೊದಲು ಸಿಬಿಎಸ್. ನಮ್ಮ ದೇಶದಲ್ಲಿ ಯಾವುದರಲ್ಲಿ ಬರುತ್ತೆ ಅನ್ನುವುದು ಬದಲಾಗುತ್ತಾ ಇರುತ್ತೆ, ಪಂದ್ಯದ ವಾರ ನೋಡಿ ಆಮೇಲೆ ದುಡ್ಡು ಕಟ್ಟಿ. ವಿಡಿಯೋ ಕೈಕೊಟ್ಟರೆ ಕಾಲೇಜಿನವರ ರೇಡಿಯೋ ಕಾಮೆಂಟರಿ ನೆಟ್‌ನಲ್ಲಿ ಬರುತ್ತೆ, ಅದಕ್ಕೆ ಗುಡ್ಡದ ಮೇಲಿನ ಮೊಬೈಲ್ ಸಿಗ್ನಲ್ ಕೂಡ ಸಾಕು. ಭದ್ರಾವತಿ ಆಕಾಶವಾಣಿ ಕೇಳಿ ಬೆಳೆದ ನಮ್ಮಂಥವರಿಗೆ ಕಿವಿಯಲ್ಲಿ ಆಟ ನೋಡುವುದು ಕಷ್ಟ ಅಲ್ಲ. ಇನ್ನೊಂದು, ನೆಟ್‌ನಲ್ಲಿ ಬರುವ ಲೈವ್ ಯಾವಾಗಲೂ ಅರ್ಧ ನಿಮಿಷದಷ್ಟು ಹಿಂದೆ ಇರುತ್ತೆ. ಸ್ಟೇಡಿಯಂನಲ್ಲಿ ಕೂತವರು ಗ್ರೂಪಿಗೆ ಮೆಸೇಜ್ ಹಾಕಿದ ಮೇಲೆ ನಮಗೆ ಟಿವಿಯಲ್ಲಿ ಕಾಣುತ್ತೆ. ಇದಕ್ಕೆ ಕೇಬಲ್‌ನವರನ್ನು ಬೈದು ಪ್ರಯೋಜನ ಇಲ್ಲ. ಫೋನ್ ಅಡುಗೆಮನೆಯಲ್ಲಿಟ್ಟು ಬನ್ನಿ.

ಕೊಯ್ಲಿನ ಟೈಮ್ ಆದ್ದರಿಂದ ಎಚ್ಚರ ಇರುವುದು ತೊಂದರೆ ಅಲ್ಲ. ಅಂಗಳದಲ್ಲಿ ಅಡಿಕೆ ಸುಲಿಯುವವರು ಕೆಲಸ ಬಿಟ್ಟು ಏಳುವುದೇ ರಾತ್ರಿ ತಡವಾಗಿ, ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತೆ, ಒಲೆ ನೋಡಿಕೊಳ್ಳಲು ಯಾರಾದರೂ ಕೂತಿರಲೇಬೇಕು. ಟಿವಿಯನ್ನು ಜಗಲಿಯ ಕಿಟಕಿ ಕಡೆ ತಿರುಗಿಸಿದರೆ ಎರಡೂ ಕೆಲಸ ಆಗುತ್ತೆ. ಮನೆಯವಳು ಕೊಟ್ಟೆ ಕಡುಬು ಮಾಡುತ್ತೇನೆ ಅಂದಿದ್ದಾಳೆ, ಆದರೆ ಆರು ಗಂಟೆ ಪಂದ್ಯ ಆದರೆ ಮಾತ್ರ. ಎರಡು ಗಂಟೆಗೆ ಆದರೆ ಕಷಾಯ, ಅವಲಕ್ಕಿ, ನೀವೇ ಮಾಡ್ಕೊಳ್ಳಿ ಅಂತ ಆರ್ಡರ್ ಆಗಿದೆ.

ಹೊಸದಾಗಿ ತಗೊಳ್ಳುವವರು ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ, ಎರಡು ತಿಂಗಳು ಫ್ರೀ ಅಂತ ಆಸೆ ತೋರಿಸುತ್ತಾರೆ. ಮೂರು ತಿಂಗಳಿಗೊಮ್ಮೆ ಕಟ್ಟಿ, ರಿಪೇರಿಗೆ ಬರುವ ಚುರುಕು ಉಳಿಯುತ್ತೆ. ಕೇಬಲ್ಲನ್ನು ಅಡಿಕೆ ಮರಕ್ಕೆ ಕಟ್ಟಲು ಬಿಡಬೇಡಿ, ತೋಟದ ಬದಿಗೆ ಹಳೇ ಜಿಐ ಪೈಪ್ ನೆಟ್ಟು ಅದರ ಮೇಲೆ ಎಳೆಸಿ, ಪೈಪಿನ ಖರ್ಚು ನಿಮ್ಮದೇ ಆದರೂ ಪರವಾಗಿಲ್ಲ. ನಾನು ಆರು ಪೈಪ್ ನೆಟ್ಟು ಕಾಯುತ್ತಿದ್ದೇನೆ. ಜಾಯಿಂಟ್ ಇಲ್ಲದ ಹೊಸ ಕೇಬಲ್ ಒಂದೇ ಉದ್ದಕ್ಕೆ ಎಳೆದುಕೊಡುತ್ತೇವೆ, ದೀಪಾವಳಿ ಕಳೆದ ವಾರ ಬರುತ್ತೇವೆ ಅಂದಿದ್ದಾರೆ. ಬಂದರೆ ನಾಲ್ಕು ಸ್ಟಾರ್. ಬಾರದೆ ಪಂದ್ಯದ ನಡುವೆ ಕೆಂಪು ದೀಪ ಮಿನುಗಿದರೆ ಎರಡಕ್ಕೆ ಇಳಿಸುತ್ತೇನೆ, ಇದನ್ನು ಅವರ ಹುಡುಗನಿಗೂ ಹೇಳಿದ್ದೇನೆ.